ಸೊಂಟ ನೋವಿನ ಲೆಕ್ಕ

ಕಳೆದ ತಿಂಗಳು ನಮ್ಮೂರ ಕಡೆಯ ಹುಡುಗಿಯೊಬ್ಬಳು ಸಂಬಳದ ಚೀಟಿ ಹಿಡಿದುಕೊಂಡು ಬಂದಿದ್ದಳು. ಸೈತಾಮಾ ಕಡೆ ವೃದ್ಧರ ಆರೈಕೆ ಮನೆಯೊಂದರಲ್ಲಿ ಅವಳಿಗೆ ಕೈಗೊ ಕೆಲಸ. "ಸರ್, ಈ ಸಲ ನಲವತ್ತು ಸಾವಿರ ಚಿಲ್ಲರೆ ಯೆನ್ ಕಡಿಮೆ ಬಂದಿದೆ, ಎಲ್ಲಿ ಹೋಯ್ತು ನೋಡಿ" ಅಂದಳು. ನೋಡಿದರೆ ಐದು ಪಾಳಿಯ ಸಂಬಳ ಮುರಿದಿದ್ದರು. ಯಾಕಮ್ಮ ಅಂತ ಕೇಳಿದ್ದಕ್ಕೆ, ಹಾಸಿಗೆಯಿಂದ ಅಜ್ಜನೊಬ್ಬನನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸುವಾಗ ಸೊಂಟ ಹಿಡ್ಕೊಂಡು ಏಳು ದಿನ ಮಲಗಿದ್ದಳಂತೆ. ಆಸ್ಪತ್ರೆಗೆ ಆರೋಗ್ಯ ವಿಮೆ ತೋರಿಸಿ, ತನ್ನ ಪಾಲಿನ ಶೇ. 30 ಕೈಯಿಂದ ಕಟ್ಟಿ ಬಂದಿದ್ದಾಳೆ. ಹಾಗೆ ಮಾಡು ಅಂದದ್ದು ಅಲ್ಲಿಯ ಮೇಲ್ವಿಚಾರಕರೇ.

ಅವಳು ಕೇಳಿದ್ದು ನಲವತ್ತು ಸಾವಿರದ ಲೆಕ್ಕ. ನಮಗೆ ಕಂಡದ್ದು ಬೇರೆ ಲೆಕ್ಕ.

ಈ ದೇಶದಲ್ಲಿ ಕೆಲಸದಿಂದ ಬರುವ ಕಾಯಿಲೆಗಳಲ್ಲಿ ಬಹುಕಾಲದಿಂದ ಮೊದಲ ಸ್ಥಾನ ಸೊಂಟ ನೋವಿನದು. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ, ನಾಲ್ಕು ದಿನ ಅಥವಾ ಹೆಚ್ಚು ರಜೆ ಹಾಕಿಸಿದ ಕೆಲಸದ ಕಾಯಿಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಆಗಿತ್ತು. ಅದರಲ್ಲೂ ಆಸ್ಪತ್ರೆ, ಆರೈಕೆ ಮನೆಗಳವರದು ದೊಡ್ಡ ಪಾಲು. ಸರ್ಕಾರ 1994ರಲ್ಲೇ ಸೊಂಟ ನೋವು ತಡೆಯುವ ಮಾರ್ಗಸೂಚಿ ತಂದಿತ್ತು. 2013ರ ಜೂನ್‌ನಲ್ಲಿ ಅದನ್ನು ತಿದ್ದಿ, ಆರೈಕೆ ಮತ್ತು ಶುಶ್ರೂಷೆ ಕೆಲಸಕ್ಕೆಲ್ಲ ವಿಸ್ತರಿಸಿತು. ಅದರಲ್ಲಿರುವ ಮಾತು ಸ್ಪಷ್ಟ: ಮನುಷ್ಯರನ್ನು ಬರೀ ತೋಳ್ಬಲದಿಂದ ಎತ್ತಿಸುವುದು ತಾತ್ವಿಕವಾಗಿ ಕೂಡದು. ಲಿಫ್ಟ್, ಜಾರುಹಲಗೆ, ಸ್ಲೈಡಿಂಗ್ ಶೀಟ್ ಬಳಸಬೇಕು. ಎತ್ತದೆ ಬೇರೆ ದಾರಿಯೇ ಇಲ್ಲ ಅಂದಾಗ ಇಬ್ಬರಾದರೂ ಬೇಕು.

ಅದೇ ಮಾರ್ಗಸೂಚಿಯಲ್ಲಿ ತೂಕದ ಮಿತಿಯೂ ಇದೆ. ಗಂಡಸು ಕೈಯಿಂದ ಎತ್ತುವ ಭಾರ ತನ್ನ ತೂಕದ ಸುಮಾರು ಶೇ. 40 ಮೀರಬಾರದು, ಹೆಂಗಸಿಗೆ ಆ ಮಿತಿಯ ಶೇ. 60. ನಮ್ಮ ಹುಡುಗಿ 50 ಕಿಲೊ ಇದ್ದಾಳೆ ಅಂದುಕೊಳ್ಳಿ. ಅವಳ ಪಾಲಿಗೆ 12 ಕಿಲೊ, ಊರಲ್ಲಿ ಅರ್ಧ ಮೂಟೆ ಅಕ್ಕಿ ಕೂಡ ಅಲ್ಲ. ಅಜ್ಜನ ತೂಕ 55. ಇಬ್ಬರು ಹುಡುಗಿಯರು ಸೇರಿದರೂ ಲೆಕ್ಕ ಕೂಡುವುದಿಲ್ಲ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡರೆ ಸಾಕು ಅನ್ನುವವರಿದ್ದಾರೆ. ಬೆಲ್ಟನ್ನು ಎಲ್ಲರಿಗೂ ಒಂದೇ ಸಮ ಹಾಕಿಸುವುದಲ್ಲ, ಒಬ್ಬೊಬ್ಬರಿಗೆ ಉಪಯೋಗ ಇದೆಯೋ ಇಲ್ಲವೋ ನೋಡಿ ಹಾಕಿಸಬೇಕು ಅಂತ ಅದೇ ಮಾರ್ಗಸೂಚಿ ಹೇಳುತ್ತದೆ.

ಇನ್ನು ದುಡ್ಡಿನ ವಿಷಯ. ಕೆಲಸದಲ್ಲಿ ಆದ ಪೆಟ್ಟಿಗೆ ಇಲ್ಲಿ ಬೇರೆಯೇ ವಿಮೆ ಇದೆ, ಹೆಸರು ರೋಸಾಯ್. ಅದರ ಕಂತು ಪೂರ್ತಿ ಮಾಲೀಕರದು, ನಮ್ಮ ಸಂಬಳದಿಂದ ಒಂದು ಯೆನ್ ಕೂಡ ಮುರಿಯುವಂತಿಲ್ಲ. ಯಾವ ದೇಶದವರು, ಯಾವ ವೀಸಾ, ಪೂರ್ಣಾವಧಿಯೋ ಅರೆಕಾಲಿಕವೋ ಅಂತ ಅದು ಕೇಳುವುದಿಲ್ಲ. ಒಪ್ಪಿಗೆಯಾದರೆ ಚಿಕಿತ್ಸೆ ಪೂರ್ತಿ ಉಚಿತ. ಕೆಲಸಕ್ಕೆ ಹೋಗಲಾಗದ ಮೊದಲ ಮೂರು ದಿನಕ್ಕೆ ಮಾಲೀಕರು ಶೇ. 60 ಕೊಡಬೇಕು, ನಾಲ್ಕನೇ ದಿನದಿಂದ ರೋಸಾಯ್ ಶೇ. 60 ಮತ್ತು ವಿಶೇಷ ಭತ್ಯೆ ಶೇ. 20, ಒಟ್ಟು 80 ಕೊಡುತ್ತದೆ. ಲೆಕ್ಕ ಹಿಡಿಯುವುದು ಕೈಗೆ ಬಂದ ಹಣದ ಮೇಲಲ್ಲ, ಕಡಿತಕ್ಕೆ ಮುಂಚಿನ ಸಂಬಳದ ಮೇಲೆ. ರಾತ್ರಿ ಪಾಳಿ ಭತ್ಯೆ ಸೇರುತ್ತದೆ, ಬೋನಸ್ ಸೇರುವುದಿಲ್ಲ.

ಅವಳ ಮೂರು ತಿಂಗಳ ಸಂಬಳ 5,52,000 ಯೆನ್, ದಿನಗಳು 92. ದಿನಕ್ಕೆ 6,000 ಬಂತು. ಮೂರು ದಿನಕ್ಕೆ 3,600ರಂತೆ 10,800. ಉಳಿದ ನಾಲ್ಕು ದಿನಕ್ಕೆ 4,800ರಂತೆ 19,200. ಒಟ್ಟು 30,000 ಯೆನ್, ಅದಕ್ಕೆ ತೆರಿಗೆ ಇಲ್ಲ. ವಾರದ ರಜೆಯ ದಿನವೂ ಎಣಿಕೆಗೆ ಬರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ರಜೆ ಉದ್ದವಾದರೆ ಆರೋಗ್ಯ ವಿಮೆ, ಪಿಂಚಣಿಯ ನಮ್ಮ ಪಾಲನ್ನು ಆಗಲೂ ಕಟ್ಟಬೇಕು.

ಸೊಂಟ ನೋವಿಗೆ ರೋಸಾಯ್ ಸುಲಭವಾಗಿ ಸಿಗುತ್ತದೆ ಅಂತ ನಾವು ಹೇಳುವುದಿಲ್ಲ. ಬೂಟಿನ ದಾರ ಕಟ್ಟಲು ಬಗ್ಗಿದಾಗ ಹಿಡಿದ ನೋವಿಗೆ, ಅಂದರೆ ಇಲ್ಲಿಯವರು ಗಿಕ್ಕುರಿ ಗೋಶಿ ಅನ್ನುವುದಕ್ಕೆ, ಸಾಮಾನ್ಯವಾಗಿ ಕೊಡುವುದಿಲ್ಲ. ಎತ್ತುವಾಗ ಹಠಾತ್ತಾಗಿ ಭಾರ ಬಿದ್ದದ್ದಕ್ಕೆ, ಇಲ್ಲವೇ ಸೊಂಟಕ್ಕೆ ಭಾರ ಬೀಳುವ ಕೆಲಸವನ್ನು ತಿಂಗಳುಗಟ್ಟಲೆ ಮಾಡಿ ಬಂದದ್ದಕ್ಕೆ ದಾರಿಯಿದೆ. ಹಾಗಾಗಿ ಯಾವ ದಿನ, ಎಷ್ಟು ಗಂಟೆಗೆ, ಯಾರನ್ನು ಎತ್ತುವಾಗ, ಯಾರಿದ್ದರು ಅಂತ ಅವತ್ತೇ ಬರೆದಿಡಿ. ಅವತ್ತೇ ಮೇಲಿನವರಿಗೆ ಹೇಳಿ. ಮೂಳೆ ಡಾಕ್ಟರ ಬಳಿ ಹೋದಾಗ ಕೌಂಟರಿನಲ್ಲೇ "ಶಿಗೋತೊಚೂ ನಿ ಕೋಶಿ ಓ ಇತಾಮೆಮಾಶಿತಾ", ಅಂದರೆ ಕೆಲಸದಲ್ಲಿರುವಾಗ ಸೊಂಟ ನೋವಾಯಿತು ಎಂದು ಹೇಳಿ. ಕೆಲಸದ ಪೆಟ್ಟಿಗೆ ಆರೋಗ್ಯ ವಿಮೆ ಬಳಸುವಂತೆಯೇ ಇಲ್ಲ. ಮಾಲೀಕರು ಅರ್ಜಿಗೆ ಸಹಿ ಹಾಕದಿದ್ದರೂ, ಯಾಕೆ ಸಹಿ ಇಲ್ಲ ಅಂತ ಬರೆದು ಕಾರ್ಮಿಕ ಮಾನದಂಡ ಕಚೇರಿಗೆ ನೀವೇ ಕೊಡಬಹುದು. ರಜೆಯ ಹಣಕ್ಕೆ ಗಡುವು ಎರಡು ವರ್ಷ. ಚಿಕಿತ್ಸೆಗಾಗಿ ರಜೆಯಲ್ಲಿರುವಾಗ ಮತ್ತು ಆಮೇಲೆ 30 ದಿನ ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತದೆ ಕಾರ್ಮಿಕ ಮಾನದಂಡ ಕಾಯ್ದೆಯ 19ನೇ ವಿಧಿ.

ನಮ್ಮವರು ಇದನ್ನೆಲ್ಲ ಬಿಟ್ಟು ಅಮೃತಾಂಜನ್ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು ಮರುದಿನ ಪಾಳಿಗೆ ಹೋಗುತ್ತಾರೆ. ಮೊದಲ ವರ್ಷ, ಊರಲ್ಲಿ ಸಾಲ, ಎದುರು ಮಾತಾಡಿದರೆ ವೀಸಾಗೆ ಏನಾಗುತ್ತೋ ಅನ್ನೋ ಭಯ. ಭಯ ನಮಗೆ ಅರ್ಥವಾಗುತ್ತದೆ. ಆದರೆ ಕಾಲು ಜೋಮು ಹಿಡಿದು ಶಕ್ತಿ ಇಲ್ಲದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯಬೇಡಿ, 119ಕ್ಕೆ ಫೋನ್ ಮಾಡಿ.

ಆ ಹುಡುಗಿಯ ಅರ್ಜಿ ಹೋಗಿ ಮೂರು ವಾರವಾಯ್ತು, ಉತ್ತರ ಇನ್ನೂ ಬಂದಿಲ್ಲ. ಕಟ್ಟಿದ ಶೇ. 30 ವಾಪಸ್ ಪಡೆಯಲು ಆಸ್ಪತ್ರೆಯಲ್ಲಿ ಕಾಗದ ಬದಲಾಯಿಸುವ ಕೆಲಸ ನಡೆದಿದೆ. ಮೊನ್ನೆ ಫೋನ್ ಮಾಡಿದ್ದಳು. ಅವರಲ್ಲಿ ಲಿಫ್ಟ್ ಇತ್ತಂತೆ ಮಾರಾಯ್ರೇ, ಸಾಮಾನು ಕೋಣೆಯ ಮೂಲೆಯಲ್ಲಿ. ಅದರ ಮೇಲೆ ಟವೆಲ್ ಒಣಹಾಕಿದ್ದರು. ಈಗ ಹೊರಗೆ ತೆಗೆದು ಚಾರ್ಜಿಗೆ ಹಾಕಿದ್ದಾರೆ.