ಊರಿನ ಐತಿಹ್ಯ, ಮಕ್ಕಳ ಪಾಠ



ಪ್ರಾಥಮಿಕ ಶಾಲೆಯಲ್ಲಿ ಪುರಾಣ, ಐತಿಹ್ಯಗಳ ಮೂಲಕ ಪಾಠ ಹೇಳುತ್ತಾರೆಂದರೆ ನಮ್ಮ ಕೆಲವು ಮನೆಗಳಲ್ಲಿ ಅಳುಕು ಮೂಡುವುದುಂಟು. "ಇದರಿಂದ ಮಕ್ಕಳ ವಿಶ್ವಾಸ ಸಡಿಲವಾಗದೇ?" ಎಂದು ತಂದೆತಾಯಿಗಳು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಕಥೆಯೊಂದು ಪಾಠವಾಗುವುದು ಹೇಗೆಂದು ಮೊದಲು ನೋಡೋಣ. ಅದಕ್ಕೆ ದೂರ ಹೋಗಬೇಕಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲೇ ಬೇಕಾದಷ್ಟು ಕಥೆಗಳಿವೆ.

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿ ಅಯ್ಯನಕೆರೆ ಇದೆ. ಅದನ್ನು ರುಕ್ಮಾಂಗದ ರಾಜ ಕಟ್ಟಿಸಿದನೆಂದು ಐತಿಹ್ಯ. ಕೆರೆ ಒಡೆಯಲಿದೆಯೆಂದು ಕಾವಲುಗಾರ ಹೊನ್ಬಿಲ್ಲ ತಿಳಿಸಿದನಂತೆ. ಕೊನೆಗೆ ಅವನನ್ನೇ ಬಲಿಕೊಟ್ಟು ಕೆರೆಯನ್ನು ಉಳಿಸಿಕೊಂಡರಂತೆ.

ಈ ಕಥೆ ಹೇಳಿ ಮುಗಿದ ಮೇಲೆ ಪಾಠ ಶುರುವಾಗುತ್ತದೆ. ಕೆರೆಯ ಏರಿ ಏಕೆ ಒಡೆಯುತ್ತದೆ? ನೀರು ಏರಿಯ ಮೇಲೆ ಹರಿದರೆ ಮಣ್ಣು ಕೊಚ್ಚಿಹೋಗುತ್ತದೆ. ಆದ್ದರಿಂದಲೇ ಹೆಚ್ಚಿನ ನೀರು ಹೊರಹೋಗಲು ಕೋಡಿ, ಗದ್ದೆಗೆ ನೀರು ಬಿಡಲು ತೂಬು. ಇದು ವಿಜ್ಞಾನ. ಹರಿದ ನೀರು ಎಲ್ಲಿಗೆ ಹೋಗುತ್ತದೆ? ಅಯ್ಯನಕೆರೆಯ ಕಡೆಯ ವೇದಾ, ಮದಗದ ಕೆರೆಯ ಕಡೆಯ ಅವತಿ ಸೇರಿ ವೇದಾವತಿ ನದಿಯಾಗುತ್ತದೆ. ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವನ್ನು ತುಂಬುತ್ತದೆ. ಇದು ಭೂಗೋಳ.

ಆದರೆ ಮಕ್ಕಳು ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಹೊನ್ಬಿಲ್ಲನನ್ನು ಬಲಿಕೊಟ್ಟದ್ದು ಸರಿಯೇ?" ಇಲ್ಲಿ ನಾವು ಜಾರಿಕೊಳ್ಳಬಾರದು. ಸರಿಯಲ್ಲ ಎಂದೇ ಹೇಳಬೇಕು. ಇಸಾಕನ ಮೇಲೆ ಎತ್ತಿದ ಅಬ್ರಹಾಮನ ಕೈಯನ್ನು ದೇವರೇ ತಡೆದರೆಂದು ಆದಿಕಾಂಡದಲ್ಲಿ ಓದುತ್ತೇವೆ. ಕೆರೆ ಉಳಿಯುವುದು ಹೂಳೆತ್ತುವುದರಿಂದ, ಏರಿಯ ದುರಸ್ತಿಯಿಂದ, ಬಡವನ ಪ್ರಾಣದಿಂದಲ್ಲ. ಹೊನ್ಬಿಲ್ಲನಲ್ಲಿ ನಾವು ಮೆಚ್ಚಬೇಕಾದದ್ದು ಅವನ ಕರ್ತವ್ಯನಿಷ್ಠೆಯನ್ನು.

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಬರೋಣ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಇಲ್ಲಿ ದೇವಾಲಯ ಕಟ್ಟಿಸಿದನು. ಅದರ ಗೋಡೆಯ ಮೇಲೆ ರಾಮಾಯಣದ 70, ಕೃಷ್ಣನ ಕಥೆಯ 25, ಮಹಾಭಾರತದ 45 ಕೆತ್ತನೆಗಳಿವೆ. ಒಟ್ಟು ಎಷ್ಟು? 140. ರಾಮಾಯಣದ ಪಾಲು ಎಷ್ಟು? ಸರಿಯಾಗಿ ಅರ್ಧ. ಲೆಕ್ಕದ ಜೊತೆಗೆ ಚರಿತ್ರೆಯ ಪಾಠವೂ ಆಯಿತು: ಗೋಡೆ ಇತಿಹಾಸ, ಗೋಡೆಯ ಮೇಲಿನದು ಪುರಾಣ. ಈ ವ್ಯತ್ಯಾಸ ತಿಳಿದ ಮಗು ಯಾವ ಕಥೆಗೂ ಹೆದರಬೇಕಿಲ್ಲ.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಪುಣ್ಯಕೋಟಿಯ ಕಥೆ ಓದಿದ ಮಗು ಈ ದನಗಳನ್ನು ನೋಡಲಿ. ಇವು ಹಾಲಿಗಿಂತ ದುಡಿಮೆಗೆ, ವೇಗದ ನಡಿಗೆಗೆ ಹೆಸರಾದ ತಳಿ. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟನು. ಕನ್ನಡ, ಪರಿಸರ, ಚರಿತ್ರೆ ಮೂರೂ ಇಲ್ಲಿ ಒಟ್ಟಿಗೆ ಸಿಗುತ್ತವೆ.

ಹೀಗೆ ಕಲಿಸುವುದು ಕರ್ನಾಟಕಕ್ಕೆ ಹೊಸದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯೂ ಹಾಡು, ಕಥೆ, ಆಟಗಳನ್ನೇ ನೆಚ್ಚಿಕೊಂಡಿತು. ನಮ್ಮ ಯೇಸುಸ್ವಾಮಿಯೂ ಸಾಮತಿಗಳ ಮೂಲಕವೇ ಬೋಧಿಸಿದರು. ಗಾಯಾಳುವನ್ನು ಉಪಚರಿಸಿದ ಸಮಾರಿಯದವನ ಹೆಸರು, ಊರು ನಮಗೆ ಗೊತ್ತಿಲ್ಲ. ಆದರೂ ಆ ಸಾಮತಿಯ ಸತ್ಯ ನಮ್ಮನ್ನು ತಟ್ಟುತ್ತದೆ. ಇತರ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದೆ.

ಆದುದರಿಂದ ಪ್ರಿಯ ತಂದೆತಾಯಿಗಳೇ, ಮಗು ಶಾಲೆಯಿಂದ ಕಥೆಯೊಂದನ್ನು ತಂದಾಗ ಬಾಯಿ ಮುಚ್ಚಿಸಬೇಡಿ. ರಾತ್ರಿ ಜಪಸರದ ನಂತರ ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಇದರಲ್ಲಿ ನಾವು ಕಣ್ಣಾರೆ ಕಂಡು ಅಳೆಯಬಹುದಾದದ್ದು ಯಾವುದು? ಜನ ಹೇಳಿಕೊಂಡು ಬಂದದ್ದು ಯಾವುದು? ಇದರಲ್ಲಿ ನ್ಯಾಯ ಯಾವುದು, ಅನ್ಯಾಯ ಯಾವುದು? ಈ ಮೂರನ್ನೂ ಬೇರ್ಪಡಿಸಿ ಹೇಳಬಲ್ಲ ಮಗು ಶಾಲೆಯಲ್ಲೂ ವಿಶ್ವಾಸದಲ್ಲೂ ಗಟ್ಟಿಯಾಗಿ ಬೆಳೆಯುತ್ತದೆ. ಅಂಥ ವಿವೇಕವನ್ನು ಪ್ರಭು ನಮ್ಮ ಮಕ್ಕಳಿಗೂ ನಮಗೂ ದಯಪಾಲಿಸಲಿ.