ಕ್ವಾಡ್ ಬೈಕ್ ಓಡಿಸೋಕೆ ಹೋಗ್ತಿದ್ದೀರಾ? ದುಡ್ಡು ಕೊಡೋ ಮುಂಚೆ ಇಷ್ಟು ತಿಳ್ಕೊಳ್ಳಿ

ಸಕಲೇಶಪುರ: ಮಳೆ ನಿಂತು ಚಳಿ ಶುರುವಾದರೆ ನಮ್ಮ ಕಡೆ ಎರಡು ಸೀಸನ್ ಒಟ್ಟಿಗೆ ಬರುತ್ತವೆ. ಒಂದು ಕಾಫಿ ಕೊಯ್ಲು, ಇನ್ನೊಂದು ಪ್ರವಾಸಿಗರು. ಈಚೆಗೆ ಹೋಂಸ್ಟೇ, ರೆಸಾರ್ಟ್ ಬೋರ್ಡುಗಳಲ್ಲಿ ಜೀಪ್ ರೈಡ್ ಪಕ್ಕದಲ್ಲೇ ‘ಎಟಿವಿ ರೈಡ್’ ಅಂತಲೂ ಕಾಣುತ್ತದೆ. ನಾಲ್ಕು ದಪ್ಪ ಚಕ್ರ, ಬೈಕಿನ ಥರ ಹ್ಯಾಂಡಲ್, ಬೈಕಿನ ಥರಾನೇ ಸೀಟು. ಕ್ವಾಡ್ ಬೈಕ್ ಅಂದರೂ ಅದೇ. ಬೆಂಗಳೂರಿನವರು ಮಾತ್ರ ಅಲ್ಲ, ನಮ್ಮ ತಾಲ್ಲೂಕಿನ ಹುಡುಗರೂ ಭಾನುವಾರ ಗುಂಪು ಕಟ್ಟಿಕೊಂಡು ಹೋಗ್ತಿದ್ದಾರೆ. ನೋಡೋಕೆ ಸುಲಭ ಅನ್ನಿಸೋ ಈ ಗಾಡಿ ಬೈಕ್ ಅಲ್ಲ, ಕಾರೂ ಅಲ್ಲ. ಅಪಾಯ ಇರೋದು ಅಲ್ಲೇ.

ಬೈಕಿಗೂ ಇದಕ್ಕೂ ಏನು ವ್ಯತ್ಯಾಸ?

ಮೊದಲು ಬಂದಿದ್ದು ಮೂರು ಚಕ್ರದ್ದು. 1970ರಲ್ಲಿ ಹೋಂಡಾ ಅಮೆರಿಕದಲ್ಲಿ ಅದನ್ನು ಮಾರೋಕೆ ಶುರು ಮಾಡಿತು. ಆಮೇಲೆ 80ರ ದಶಕದ ಆರಂಭದಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಿತು. ಮೂರು ಚಕ್ರದ ಗಾಡಿ ಪಲ್ಟಿಯಾಗಿ ಸಾವುನೋವು ಹೆಚ್ಚಾದ ಮೇಲೆ, 1988ರಲ್ಲಿ ಅಲ್ಲಿನ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಕಂಪನಿಗಳು ಅದರ ಮಾರಾಟವನ್ನೇ ನಿಲ್ಲಿಸಿದವು. ಒಂದು ಚಕ್ರ ಹೆಚ್ಚಾಯ್ತು ಅಂದ ಮಾತ್ರಕ್ಕೆ ಪಲ್ಟಿ ಆಗೋದು ನಿಂತಿಲ್ಲ.

ಬಹಳಷ್ಟು ಕ್ವಾಡ್‌ಗಳಲ್ಲಿ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಗಟ್ಟಿಯಾಗಿ ಕೂತಿರುತ್ತವೆ. ಕಾರಿನಲ್ಲಿರೋ ಡಿಫರೆನ್ಷಿಯಲ್ ಇರೋದಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಆದರೆ ಇಲ್ಲಿ ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ. ಮಣ್ಣಿನ ಮೇಲಾದರೆ ಒಂದು ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಟಾರ್ ರಸ್ತೆಯಲ್ಲಿ ಜಾರೋಕೆ ಜಾಗವೇ ಇಲ್ಲ. ಗಾಡಿ ತಿರುಗದೆ ನೇರ ಹೋಗಬಹುದು, ಇಲ್ಲವೇ ಮಗುಚಬಹುದು. ಟಾರ್ ಮೇಲೆ ಓಡಿಸಬೇಡಿ ಅಂತ ಕಂಪನಿಯವರೇ ಹೇಳೋದು ಇದಕ್ಕೇ.

ಟೈರಿನ ಗಾಳಿಯೂ ಬೇರೆ. ಬೈಕಿಗೆ 25ರಿಂದ 35 ಪಿಎಸ್‌ಐ ಹಾಕಿಸ್ತೀವಿ, ಇದಕ್ಕೆ ಸಾಮಾನ್ಯವಾಗಿ 3ರಿಂದ 7 ಸಾಕು. ಪಂಕ್ಚರ್ ಅಂಗಡಿಯವರು ಗಮನಿಸಿ: ಮಾಮೂಲಿ ಗೇಜ್‌ನಲ್ಲಿ ಇಷ್ಟು ಕಮ್ಮಿ ಒತ್ತಡ ಸರಿಯಾಗಿ ಗೊತ್ತಾಗಲ್ಲ, ಕಮ್ಮಿ ಒತ್ತಡದ ಗೇಜ್ ಬೇಕು. ಅಂದಾಜಿನ ಮೇಲೆ ಗಾಳಿ ತುಂಬಿದರೆ ಗಾಡಿ ಚೆಂಡಿನ ಥರ ಪುಟಿಯುತ್ತದೆ.

ಕಾಲು ಕೆಳಗಿಡಬೇಡಿ

ಡಿಸೆಂಬರ್‌ನಲ್ಲಿ ನಾವು ಆರು ಜನ ಸ್ನೇಹಿತರು ಒಂದು ತೋಟದ ಟ್ರೇಲ್‌ಗೆ ಹೋಗಿದ್ವಿ. ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರೋ ಒಬ್ಬ ಇದ್ದಾನೆ, ಹತ್ತು ವರ್ಷದಿಂದ ಬುಲೆಟ್ ಓಡಿಸೋನು. ಅವನಿಗೇ ಜಾಸ್ತಿ ಕಷ್ಟ ಆಗಿದ್ದು. ಗಾಡಿ ವಾಲಿದ ಕೂಡಲೇ ಬೈಕಿನ ಅಭ್ಯಾಸದಲ್ಲಿ ಎಡಗಾಲು ಕೆಳಗಿಟ್ಟ. ಹಿಂದಿನ ಚಕ್ರ ಶೂ ತುದಿ ಹತ್ತಿ ಹೋಯ್ತು. ವೇಗ ಕಮ್ಮಿ ಇತ್ತು, ಶೂ ಗಟ್ಟಿ ಇತ್ತು, ಬಚಾವಾದ. ‘ಚಪ್ಪಲಿ ಹಾಕ್ಕೊಂಡು ಬಂದಿದ್ರೆ ನಾಳೆ ಅಂಗಡಿ ಬಾಗ್ಲು ತೆಗೀತಿರ್ಲಿಲ್ಲ ಗುರು’ ಅಂದ.

ಅವತ್ತು ಗೈಡ್ ಹುಡುಗ ಹೇಳಿಕೊಟ್ಟಿದ್ದು ಇಷ್ಟೇ, ಇದು ಎಲ್ಲರಿಗೂ ಬೇಕು:

- ಕಾಲು ಯಾವಾಗಲೂ ಫುಟ್‌ರೆಸ್ಟ್ ಮೇಲೇ ಇರಲಿ.
- ತಿರುವಿನಲ್ಲಿ ಮೈಯನ್ನು ಒಳಗಡೆಗೆ ವಾಲಿಸಿ. ಗಾಡಿ ತಾನಾಗಿ ವಾಲಲ್ಲ.
- ಏರು ಹತ್ತುವಾಗ ಮುಂದಕ್ಕೆ ಬಾಗಿ. ಅರ್ಧಕ್ಕೆ ನಿಂತರೆ ಅಲ್ಲೇ ತಿರುಗಿಸಬೇಡಿ. ಬ್ರೇಕ್ ಹಿಡಿದು ಗೈಡ್‌ನ ಕರೀರಿ.
- ಇಳಿಜಾರಲ್ಲಿ ಹಿಂದಕ್ಕೆ ಸರಿದು ಕೂತು, ಲೋ ಗೇರ್‌ನಲ್ಲಿ ನಿಧಾನ ಇಳೀರಿ.
- ಒಬ್ಬರ ಸೀಟಿನ ಗಾಡಿಗೆ ಇಬ್ಬರು ಬೇಡ. ಹಿಂದೆ ಭಾರ ಕೂತರೆ ಏರಿನಲ್ಲಿ ಮುಂದಿನ ಚಕ್ರ ಎದ್ದುಬಿಡುತ್ತದೆ.

ಇನ್ನೂರು ಕೆ.ಜಿ. ದಾಟೋ ಗಾಡಿಗಳೂ ಇವೆ. ಮೈಮೇಲೆ ಬಿದ್ದರೆ ಒಬ್ಬರೇ ಎತ್ತೋಕಾಗಲ್ಲ. 16 ವರ್ಷ ತುಂಬದ ಮಕ್ಕಳಿಗೆ ದೊಡ್ಡವರ ಗಾಡಿ ಕೊಡಬಾರದು ಅಂತ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಹೇಳುತ್ತದೆ.

ಚಳಿಗಾಲದ ಬೇರೆ ಲೆಕ್ಕ

ಬೆಳಿಗ್ಗೆ ಮಂಜು ಕರಗೋಕೆ ಎಷ್ಟೋ ದಿನ ಒಂಬತ್ತು ಗಂಟೆ ದಾಟುತ್ತದೆ. ಇಬ್ಬನಿ ಬಿದ್ದ ಜೇಡಿಮಣ್ಣು, ಒದ್ದೆ ಎಲೆ ಎರಡೂ ಜಾರುತ್ತವೆ. ಆಕ್ಸಿಲರೇಟರ್ ಇರೋದು ಹೆಬ್ಬೆರಳ ಹತ್ತಿರ. ಬೆರಳು ಮರಗಟ್ಟಿದರೆ ಹಿಡಿತ ತಪ್ಪುತ್ತದೆ, ಗ್ಲೌಸ್ ಬೇಕು. ಸಂಜೆ ಆರಕ್ಕೆಲ್ಲ ಕತ್ತಲು.

ಎಲ್ಲಕ್ಕಿಂತ ದೊಡ್ಡದು ಆನೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ತೋಟದ ಒಳಗೇ ಇರುತ್ತವೆ. ಮಂಜಲ್ಲಿ ಇಪ್ಪತ್ತು ಅಡಿ ಮುಂದೆ ಆನೆ ಇದ್ದರೂ ಕಾಣಲ್ಲ, ಇಂಜಿನ್ ಸದ್ದಿಗೆ ಕೇಳಿಸೋದೂ ಇಲ್ಲ. ಹೊರಡೋ ಮುಂಚೆ ಅಲ್ಲಿನ ತೋಟದ ಕೆಲಸದವರನ್ನು ಒಂದು ಮಾತು ಕೇಳಿ. ಬೆಳಗಿನ ಜಾವ, ಮುಸ್ಸಂಜೆ ರೈಡ್ ಬೇಡವೇ ಬೇಡ.

ಈ ಸಮಯದಲ್ಲಿ ಅರೇಬಿಕಾ ಹಣ್ಣು ಕೊಯ್ಯೋರು ತೋಟದ ದಾರಿಯಲ್ಲೇ ಮೂಟೆ ಹೊತ್ತು ಓಡಾಡ್ತಾರೆ. ಕಣದಲ್ಲಿ ಕಾಫಿ ಒಣಗ್ತಿರುತ್ತದೆ. ಧೂಳೆಬ್ಬಿಸಿಕೊಂಡು ಹೋದರೆ ಜಗಳ ಖಂಡಿತ. ಜನವರಿ ದಾಟಿದ ಮೇಲೆ ಒಣಹುಲ್ಲಿನ ಗುಡ್ಡದಲ್ಲಿ ಬಿಸಿ ಸೈಲೆನ್ಸರ್‌ಗೆ ಹುಲ್ಲು ಸಿಕ್ಕಿಕೊಂಡರೆ ಬೆಂಕಿ ಹತ್ತುವ ಭಯವೂ ಇದೆ.

ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ಓಡುತ್ತಿರೋ ಬಹುತೇಕ ಕ್ವಾಡ್‌ಗಳಿಗೆ ಆರ್‌ಟಿಒ ನೋಂದಣಿ ಇಲ್ಲ. ಖಾಸಗಿ ಜಾಗದ ಒಳಗೆ ಓಡಿಸೋಕೆ ಅಂತಲೇ ಅವನ್ನು ಮಾರೋದು. ನಂಬರ್ ಪ್ಲೇಟ್, ವಿಮೆ ಇಲ್ಲದ ಗಾಡಿ ಸಾರ್ವಜನಿಕ ರಸ್ತೆಗೆ ಬಂದರೆ ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಕೇಸು. ನೀರಿನ ಬಾಟಲ್ ತರೋಕೆ ಅಂತ ಅಂಗಡಿವರೆಗೆ ಬಂದರೂ ಅಷ್ಟೇ. ದಾರಿಯಲ್ಲಿ ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡೋಕೆ ವಿಮಾ ಕಂಪನಿ ಇರಲ್ಲ, ಕೈಯಿಂದಲೇ ಕಟ್ಟಬೇಕು. ರಸ್ತೆಯಲ್ಲಿ ಓಡಿಸಿದ್ದು ಅಪ್ರಾಪ್ತ ಹುಡುಗ ಆಗಿದ್ದರೆ, 2019ರ ತಿದ್ದುಪಡಿ ಪ್ರಕಾರ ಪೋಷಕರು ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಅಭಯಾರಣ್ಯ, ಮೀಸಲು ಅರಣ್ಯದ ಒಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ‘ಇದು ನಮ್ದೇ ದಾರಿ’ ಅಂತ ಆಪರೇಟರ್ ಬಾಯಲ್ಲಿ ಹೇಳಿದರೆ ಸಾಲದು. ತೋಟ ಎಲ್ಲಿ ಮುಗಿಯುತ್ತೆ, ಕಾಡು ಎಲ್ಲಿ ಶುರುವಾಗುತ್ತೆ ಅಂತ ಕೇಳಿ.

ಇನ್ನು ಸಹಿ ಹಾಕಿಸಿಕೊಳ್ಳೋ ಫಾರಂ. ‘ಏನಾದರೂ ಆದರೆ ನಾವು ಜವಾಬ್ದಾರರಲ್ಲ’ ಅಂತ ಇರುತ್ತದೆ. ಬ್ರೇಕ್ ಇಲ್ಲದ ಗಾಡಿ ಕೊಟ್ಟವರು ಆ ಒಂದು ಸಹಿ ತೋರಿಸಿ ಪೂರ್ತಿ ಕೈತೊಳೆದುಕೊಳ್ಳೋಕೆ ಆಗಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆದರೆ ರಸೀದಿ ಬೇಕು. ಕ್ಯಾಶ್ ಕೊಟ್ಟು ಸುಮ್ಮನೆ ಬಂದರೆ ನೀವು ಅಲ್ಲಿಗೆ ಹೋಗಿದ್ದಿರಿ ಅನ್ನೋದನ್ನು ಸಾಬೀತು ಮಾಡೋದೇ ಕಷ್ಟ. ನಿಮ್ಮ ಸ್ವಂತ ವಿಮಾ ಪಾಲಿಸಿಯಲ್ಲಿ ಸಾಹಸ ಕ್ರೀಡೆ ಸೇರುತ್ತೋ ಇಲ್ಲವೋ, ಅದನ್ನೂ ಓದಿ ನೋಡಿ.

ದುಡ್ಡು ಕೊಡೋ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ಹೆಲ್ಮೆಟ್ ಸರಿಯಾದ ಅಳತೇಲಿ ಇದೆಯಾ, ಪಟ್ಟಿ ಗಟ್ಟಿ ಇದೆಯಾ?
2. ಮೊದಲು ಸಮತಟ್ಟು ಜಾಗದಲ್ಲಿ ಓಡಿಸಿ ಕಲಿಸ್ತೀರಾ?
3. ಗೈಡ್ ಜೊತೆಗೆ ಬರ್ತಾರಾ? ಟ್ರೇಲ್‌ನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಾ?
4. ಗಾಯ ಆದರೆ ತೋಟದಿಂದ ರಸ್ತೆವರೆಗೆ ತರೋಕೆ ಯಾವ ಗಾಡಿ ಇದೆ? 108 ಆಂಬುಲೆನ್ಸ್ ರಸ್ತೆವರೆಗೆ ಬರಬಹುದು, ಟ್ರೇಲ್ ಒಳಗೆ ಬರಲ್ಲ.
5. ರಸೀದಿ ಕೊಡ್ತೀರಾ?

ಈ ಐದಕ್ಕೂ ಬೇಜಾರಿಲ್ಲದೆ ಉತ್ತರ ಕೊಡೋ ಆಪರೇಟರ್ ಸಿಕ್ಕರೆ ಧೈರ್ಯವಾಗಿ ಹೋಗಿ. ‘ಅದೆಲ್ಲ ಏನೂ ಆಗಲ್ಲ ಬಿಡಿ ಸಾರ್’ ಅಂದರೆ ಪಕ್ಕದ ಹೋಟೆಲ್‌ನಲ್ಲಿ ಕಾಫಿ ಕುಡಿದು ವಾಪಸ್ ಬನ್ನಿ.