ನೋಮ್‌ಗೆ ಜಾಗ ಎಲ್ಲಿ?

ಹೋದ ಮೇ ರಜೆಯಲ್ಲಿ ಹುಬ್ಬಳ್ಳಿಯಿಂದ ನಮ್ಮ ಖಾಲಾ ಅವರ ಮಗ ದುಮ್ಮವಾಡಕ್ಕೆ ಬಂದಿದ್ದ. ಕ್ರಿಕೆಟ್ ಬ್ಯಾಟ್ ತಂದಿರುತ್ತಾನೆ ಎಂದು ನನ್ನ ತಮ್ಮ ಕಾದಿದ್ದರೆ, ಅವನ ಬ್ಯಾಗಿನಿಂದ ಹೊರಬಂದದ್ದು ಖಾಲಿ ಹಾಳೆ, ಪೆನ್ಸಿಲ್ ಮತ್ತು ಮೊಬೈಲ್‌ನಲ್ಲಿ ಇಳಿಸಿಕೊಂಡ ಒಂದು ನಿಯಮಪುಸ್ತಕ. ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಇದು ಪಾತ್ರ ವಹಿಸಿ ಆಡುವ ಆಟ. ನಮ್ಮ ಕಡೆಯ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ "ತಾವು ಯಾರು, ಎಲ್ಲಿಯವರು" ಎಂದು ಕೇಳುತ್ತಾನಲ್ಲ, ಹಾಗೆಯೇ ಇಲ್ಲಿ ಆಟ ನಡೆಸುವವನು ಪ್ರತಿಯೊಬ್ಬರನ್ನೂ ಕೇಳುತ್ತಾನೆ. ವ್ಯತ್ಯಾಸ ಏನೆಂದರೆ ಮುಂದಿನ ಮಾತು ಯಾರಿಗೂ ಬಾಯಿಪಾಠ ಇರುವುದಿಲ್ಲ. ಬಾಗಿಲು ಒಡೆಯಿತೋ ಇಲ್ಲವೋ, ಬಾಣ ತಾಗಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಮ್ಮ ಮನೆಯಲ್ಲಿ ದಾಳ ಎಂದರೆ ಜೂಜು, ಅಬ್ಬಾ ಒಪ್ಪಲಿಲ್ಲ. ಅದಕ್ಕೆ 1ರಿಂದ 20ರವರೆಗೆ ಚೀಟಿ ಬರೆದು ದಾದಿಮಾ ಅವರ ಹಳೆಯ ಪಾನ್‌ದಾನದಲ್ಲಿ ಹಾಕಿದೆವು. ಎತ್ತಿದ ಚೀಟಿಯನ್ನು ಪ್ರತಿ ಸಲ ಮಡಚಿ ಮತ್ತೆ ಒಳಗೆ ಹಾಕಬೇಕು, ಇಲ್ಲದಿದ್ದರೆ ಮುಂದಿನವರ ಸಂಭವನೀಯತೆ ಬದಲಾಗುತ್ತದೆ. ಇದನ್ನು ತಮ್ಮನಿಗೆ ತಿಳಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಮೊದಲ ಕೆಲಸ ಕುಲ ಆರಿಸುವುದು. ತಮ್ಮ ಎಲ್ಫ್ ಆದ, ಪಕ್ಕದ ಮನೆಯ ಗೆಳತಿ ಮನುಷ್ಯಳಾಗಿಯೇ ಉಳಿದಳು. ನಾನು, ಎಲ್ಲೋ ಕೇಳಿದ್ದ ನೆನಪಿನಿಂದ, "ಜೀನೋಮ್" ಎಂದೆ. ಭಾಯಿ ನಕ್ಕ. ಜೀನೋಮ್ ಎಂದರೆ ಸೈನ್ಸ್‌ನವರ ಬಯಾಲಜಿ, ಇದು ನೋಮ್, ಬರೆಯುವಾಗಿನ ಮೊದಲ ಅಕ್ಷರ ಉಚ್ಚಾರದಲ್ಲಿ ಇಲ್ಲ. ಆಮೇಲೆ ಹೇಳಿದ: "ನೋಮ್ ಇದರಾಗ ಇಲ್ಲ. ಗಿಡ್ಡ ಆಗಬೇಕಂದ್ರ ಡ್ವಾರ್ಫ್ ತೊಗೊ, ಇಲ್ಲಾ ಹಾಫ್‌ಲಿಂಗ್ ತೊಗೊ. ನೋಮ್ ಯಾರಿಗೆ ಬೇಕು?"

ಅವನು ಹೇಳಿದ್ದು ಸುಳ್ಳಲ್ಲ. 2014ರ ಐದನೇ ಆವೃತ್ತಿಯ ಜೊತೆ ಕಂಪನಿ ಉಚಿತವಾಗಿ ಬಿಟ್ಟ ಮೂಲ ನಿಯಮಗಳಲ್ಲಿ ಇರುವುದು ನಾಲ್ಕೇ ಕುಲ: ಮನುಷ್ಯ, ಎಲ್ಫ್, ಡ್ವಾರ್ಫ್, ಹಾಫ್‌ಲಿಂಗ್. ನೋಮ್ ಬೇಕೆಂದರೆ ದುಡ್ಡು ಕೊಟ್ಟು ದೊಡ್ಡ ಪುಸ್ತಕ ಕೊಳ್ಳಬೇಕು. ಆದರೆ "ಯಾರಿಗೆ ಬೇಕು" ಎಂಬ ಮಾತು ನನಗೆ ನಾಟಿತು. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮುಂದೆ ನಿಲ್ಲುವವಳು ನಾನು. ಕಾಮರ್ಸ್ ತೆಗೆದುಕೊಂಡಾಗ "ಯಾಕ, ಸೈನ್ಸ್ ಸಿಗಲಿಲ್ಲೇನು?" ಎಂದು ಕೇಳದ ನೆಂಟರಿಲ್ಲ. ಅದಕ್ಕೆ ಎರಡು ವಾರ ನೋಮ್‌ನ ಬೆನ್ನು ಹತ್ತಿದೆ.

ನೋಮ್ ಎಂಬ ಹೆಸರನ್ನು ಬಳಕೆಗೆ ತಂದವನು ಪ್ಯಾರಾಸೆಲ್ಸಸ್ ಎಂಬ ಸ್ವಿಸ್ ವೈದ್ಯ. ಅವನು ಸತ್ತದ್ದು 1541ರಲ್ಲಿ, ಆ ಪುಸ್ತಕ ಅಚ್ಚಾದದ್ದು 1566ರಲ್ಲಿ. ನೀರು, ಗಾಳಿ, ಬೆಂಕಿ, ಮಣ್ಣು ಈ ನಾಲ್ಕಕ್ಕೂ ಒಂದೊಂದು ಜೀವಿ ಇದೆ, ಮಣ್ಣಿನದು ನೋಮ್, ಎತ್ತರ ಎರಡು ಗೇಣು ಎಂದು ಅವನ ಲೆಕ್ಕ. ಮೀನು ನೀರಿನಲ್ಲಿ ಹೋದ ಹಾಗೆ ಅದು ನೆಲದೊಳಗೆ ಹೋಗುತ್ತದಂತೆ. ನೆಲದೊಳಗೆ ಎಂದ ಮೇಲೆ ಗಣಿ, ಗಣಿ ಎಂದ ಮೇಲೆ ಬಂಗಾರ. ನೋಮ್ ನಿಧಿ ಕಾಯುವ ಗಿಡ್ಡ ಎಂಬ ಕಲ್ಪನೆ ಯುರೋಪಿನಲ್ಲಿ ಎಷ್ಟು ಗಟ್ಟಿಯಾಯಿತೆಂದರೆ, 1964ರಲ್ಲಿ ಪೌಂಡ್ ಬೆಲೆ ಕುಸಿಯುವ ಭಯ ಬಂದಾಗ ಬ್ರಿಟನ್ನಿನ ಲೇಬರ್ ಪಕ್ಷದ ಮಂತ್ರಿಗಳು ಸ್ವಿಸ್ ಬ್ಯಾಂಕಿನವರನ್ನು "ಜ್ಯೂರಿಕ್‌ನ ನೋಮ್‌ಗಳು" ಎಂದು ಬೈದರು. ನೋಮ್ ನಮ್ಮ ಕಾಮರ್ಸ್ ವಿಭಾಗದವನೇ ಎಂದು ನಾನು ಆಗಲೇ ನಿರ್ಧರಿಸಿದೆ.

ತೊಂದರೆ ಇರುವುದು ಇಲ್ಲೇ. ನೆಲ, ಗಣಿ, ಬಂಗಾರ ಇವೆಲ್ಲ ಡ್ವಾರ್ಫ್‌ನ ಅಂಗಡಿಯ ಸರಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೊದಲ ಸಲ ಈ ಆಟವನ್ನು ಪ್ರಕಟಿಸಿದಾಗ ನೋಮ್ ಬರೀ ಎದುರಾಗುವ ಜೀವಿಗಳ ಪಟ್ಟಿಯಲ್ಲಿತ್ತು. ಡ್ವಾರ್ಫ್‌ಗಿಂತ ತುಸು ಗಿಡ್ಡ, ಗಡ್ಡ ತುಸು ಉದ್ದ, ಬೆಟ್ಟದ ಬದಲು ಗುಡ್ಡದಲ್ಲಿ ವಾಸ, ಇಷ್ಟೇ ವಿವರಣೆ. ಆಡುವವರು ಆರಿಸಿಕೊಳ್ಳಬಹುದಾದ ಕುಲಗಳಲ್ಲಿ ಗಿಡ್ಡವಾದ, ಚುರುಕಾದ ಜಾಗವನ್ನು ಟೋಲ್ಕಿನ್ ಕಥೆಯ ಹಾಬಿಟ್ ಹಿಡಿದಿತ್ತು. ಆ ಹೆಸರಿನ ಹಕ್ಕುದಾರರು ತಕರಾರು ಮಾಡಿದ ಮೇಲೆ ಅದೇ ಹಾಫ್‌ಲಿಂಗ್ ಆಯಿತು.

ಬಿಸಿನೆಸ್ ಸ್ಟಡೀಸ್ ಓದುವವರಿಗೆ ಇದು ಹೊಸದಲ್ಲ. ಒಂದೇ ಓಣಿಯಲ್ಲಿ ಎರಡು ಕಿರಾಣಿ ಅಂಗಡಿ ಚೆನ್ನಾಗಿ ನಡೆಯುತ್ತಿರುವಾಗ ಮೂರನೆಯವನು ಬಂದು ಅದೇ ಅಕ್ಕಿ, ಅದೇ ಬೇಳೆ ಇಟ್ಟರೆ ಗಿರಾಕಿ ಯಾಕೆ ಬರಬೇಕು? ಬೇರೆಯವರಲ್ಲಿ ಇಲ್ಲದ ಏನಾದರೂ ಒಂದು ಇಡಬೇಕು.

ನೋಮ್ ಅದನ್ನು ಎರಡು ಸಲ ಮಾಡಿತು. 1978ರ ಆಟಗಾರರ ಪುಸ್ತಕದಲ್ಲಿ ಅದನ್ನು ಆರಿಸಿಕೊಳ್ಳಬಹುದಾದ ಕುಲ ಮಾಡಿದರು. ಆಗಿನ ನಿಯಮದಂತೆ ಡ್ವಾರ್ಫ್‌ಗೂ ಹಾಫ್‌ಲಿಂಗ್‌ಗೂ ಮಂತ್ರವಿದ್ಯೆ ಇರಲಿಲ್ಲ. ನೋಮ್‌ಗೆ ಮಾತ್ರ ಕಣ್ಕಟ್ಟಿನ ವಿದ್ಯೆ ಕೊಟ್ಟರು, ಇಲ್ಲದ ಗೋಡೆ ತೋರಿಸುವುದು, ಇರುವ ಬಾಗಿಲು ಮರೆಮಾಡುವುದು. ಎರಡನೆಯದು ಯಂತ್ರ. 1984ರಲ್ಲಿ ಶುರುವಾದ ಡ್ರ್ಯಾಗನ್‌ಲಾನ್ಸ್ ಕಥೆಗಳಲ್ಲಿ ನೋಮ್‌ಗಳು ಹಗಲುರಾತ್ರಿ ಯಂತ್ರ ಕಟ್ಟುತ್ತವೆ, ಯಾವುದೂ ನೆಟ್ಟಗೆ ನಡೆಯುವುದಿಲ್ಲ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲೂ ಅವು ಎಂಜಿನಿಯರುಗಳೇ. ಅಲ್ಲಿ ಪಾಪ, ಸ್ವಂತ ನಗರ ನೋಮೆರೆಗನ್ ಕೈಬಿಟ್ಟು ಹೋಗಿ ಡ್ವಾರ್ಫ್‌ಗಳ ನಗರದಲ್ಲಿ ಆಶ್ರಯ ಪಡೆದಿವೆ. ಬಾಡಿಗೆ ಮನೆಯ ಕಷ್ಟ ಅಲ್ಲಿಯೂ ತಪ್ಪಿಲ್ಲ.

ಆದರೂ 2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಆಟಗಾರರ ಪುಸ್ತಕದಿಂದ ನೋಮ್ ಹೊರಬಿತ್ತು. ಹೋಗಿ ಸೇರಿದ್ದು ರಾಕ್ಷಸರ ಪುಸ್ತಕಕ್ಕೆ. ಕಂಪನಿಯೇ ಇದರ ಮೇಲೆ ಒಂದು ಚಿಕ್ಕ ಕಾರ್ಟೂನ್ ಮಾಡಿ, ನೋಮ್ ತಾನೀಗ ರಾಕ್ಷಸ ಎಂದು ಗುರುಗುಟ್ಟುವಂತೆ ತೋರಿಸಿತು. ಬಹಳ ಜನ ನಕ್ಕರಂತೆ. ನನಗೆ ನಗು ಬರಲಿಲ್ಲ, ಪಟ್ಟಿಯಿಂದ ಹೆಸರು ತೆಗೆದು ಆಮೇಲೆ ಅದನ್ನೇ ತಮಾಷೆ ಮಾಡುವುದು ಯಾವ ನ್ಯಾಯ? ಮರುವರ್ಷ, 2009ರಲ್ಲಿ, ಎರಡನೇ ಆಟಗಾರರ ಪುಸ್ತಕದಲ್ಲಿ ಅದು ವಾಪಸ್ ಬಂತು. 2014ರಲ್ಲಿ ಮೊದಲ ಪುಸ್ತಕಕ್ಕೇ ಮರಳಿತು. 2024ರ ಹೊಸ ಪುಸ್ತಕದಲ್ಲೂ ಇದೆ, ಅಲ್ಲಿ ಜನಾಂಗ ಎಂಬ ಅರ್ಥದ ಹಳೆಯ ಪದವನ್ನು ಬಿಟ್ಟು ಜೀವಜಾತಿ ಎಂಬ ಅರ್ಥದ ಪದ ಹಾಕಿದ್ದಾರೆ.

ಇಷ್ಟು ಹೇಳಿದರೂ ಭಾಯಿ ಬಗ್ಗಲಿಲ್ಲ. ಆಗ ಸಹಾಯಕ್ಕೆ ಬಂದವರು ದಾದಿಮಾ. ನೋಮ್ ಎಂದರೇನು ಎಂದು ಕೇಳಿದರು, "ಬೌನಾ" ಎಂದೆ. ಕಣ್ಕಟ್ಟು ಮಾಡುತ್ತದೆ, ಚೀಲದ ತುಂಬ ಸಾಮಾನು ಇಟ್ಟಿರುತ್ತದೆ, ಕತ್ತಿಗಿಂತ ತಲೆ ಓಡಿಸುತ್ತದೆ ಎಂದೆ. "ಅರೇ, ಅದು ನಮ್ಮ ಅಮರ್ ಅಯ್ಯಾರ್ ಅಲ್ಲವೇನೇ!" ಎಂದರು.

ಉರ್ದು ಮನೆಗಳಲ್ಲಿ ಹಿರಿಯರಿಗೆ ಈ ಹೆಸರು ಗೊತ್ತಿರುತ್ತದೆ. ಅಮೀರ್ ಹಮ್ಜಾನ ದಾಸ್ತಾನಿನಲ್ಲಿ ಹಮ್ಜಾ ಶೂರ, ಅವನ ಗೆಳೆಯ ಅಮರ್ ಉಪಾಯಗಾರ. ಅಮರ್‌ನ ಹತ್ತಿರ ಜಂಬೀಲ್ ಎಂಬ ಚೀಲ ಇದೆ, ಅದರಲ್ಲಿ ಎಷ್ಟು ಹಾಕಿದರೂ ತುಂಬುವುದಿಲ್ಲ, ಊರುಗಳೇ ಹಿಡಿಯುತ್ತವೆ. ಹೊದ್ದರೆ ಕಾಣದಂತಾಗುವ ಕಂಬಳಿಯೂ ಇದೆ. ಇದೇ ಪರಂಪರೆಯ ತಿಲಿಸ್ಮೆ ಹೋಶ್‌ರುಬಾ ಕಥೆಯನ್ನು ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿತು, ಮೊದಲ ನಾಲ್ಕನ್ನು ಬರೆದವರು ಮುಹಮ್ಮದ್ ಹುಸೇನ್ ಜಾಹ್. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲೂ ಗಾತ್ರಕ್ಕಿಂತ ಹೆಚ್ಚು ಹಿಡಿಯುವ ಚೀಲ ಇದೆ. ಒಂದರಿಂದ ಇನ್ನೊಂದು ಬಂತು ಎಂದು ನಾನು ಹೇಳುತ್ತಿಲ್ಲ. ಅಮರ್ ಇಲ್ಲದಿದ್ದರೆ ಹಮ್ಜಾ ಎಷ್ಟೋ ಸಲ ಜಾದೂಗಾರರ ಬಲೆಯಲ್ಲೇ ಉಳಿಯುತ್ತಿದ್ದ ಎಂದಷ್ಟೇ ದಾದಿಮಾ ಭಾಯಿಗೆ ಹೇಳಿದರು. ದಾದಿಮಾ ಹೇಳಿದ ಮೇಲೆ ಅವನು ಏನು ಮಾಡುತ್ತಾನೆ?

ಇನ್ನೊಂದು ಸಾಕ್ಷಿ ನನ್ನ ಹತ್ತಿರವೇ ಇತ್ತು. ಹೈಸ್ಕೂಲಿನಲ್ಲಿ ಬಾದಾಮಿಗೆ ಪ್ರವಾಸ ಹೋದಾಗ ಎಲ್ಲರೂ ಮೊದಲ ಗುಹೆಯ 18 ಕೈಗಳ ನಟರಾಜನ ಫೋಟೋ ತೆಗೆಯುತ್ತಿದ್ದರು. ಗುಹೆಗಳ ಜಗಲಿಯ ಅಡಿಯಲ್ಲಿ ಉದ್ದಕ್ಕೂ ಗಿಡ್ಡ ಗಿಡ್ಡ ಗಣಗಳ ಸಾಲು ಇದೆ, ನನ್ನ ಕಣ್ಣಿಗೆ ಬಿದ್ದದ್ದು ಅದು. ಹೊಟ್ಟೆ ದಪ್ಪ, ಕಾಲು ಮೋಟು, ಒಬ್ಬ ಕುಣಿಯುತ್ತಾನೆ, ಒಬ್ಬ ವಾದ್ಯ ಬಾರಿಸುತ್ತಾನೆ, ಒಂದರ ಹಾಗೆ ಇನ್ನೊಂದು ಇಲ್ಲ. ಅಲ್ಲಿಯ ಮೂರನೇ ಗುಹೆಯ ಶಾಸನ 578ನೇ ಇಸವಿಯದು. ಅಷ್ಟು ಹಿಂದೆಯೇ ಚಾಲುಕ್ಯರ ಶಿಲ್ಪಿಗಳು ಗಿಡ್ಡರಿಗೂ ಒಬ್ಬೊಬ್ಬರಿಗೆ ಒಂದೊಂದು ಮುಖ ಕೊಟ್ಟಿದ್ದಾರೆ.

ಕೊನೆಗೆ ನಿಯಮವೂ ಸಿಕ್ಕಿತು. ಕಂಪನಿ 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸಲು ಬಿಟ್ಟುಕೊಟ್ಟ ಇನ್ನೊಂದು ನಿಯಮಸಂಗ್ರಹದಲ್ಲಿ ಕಲ್ಲುಗುಡ್ಡದ ನೋಮ್ ಪೂರ್ತಿ ಇದೆ. ಎತ್ತರ ಮೂರರಿಂದ ನಾಲ್ಕು ಅಡಿ, ಆಯುಷ್ಯ 350ರಿಂದ ಸುಮಾರು 500 ವರ್ಷ, ಬುದ್ಧಿಗೆ 2 ಅಂಕ ಹೆಚ್ಚು. ಮನಸ್ಸನ್ನು ಕೆಡಿಸುವ ಮಾಟ ಯಾರಾದರೂ ಹಾಕಿದರೆ ನೋಮ್ ಎರಡು ಸಲ ಚೀಟಿ ಎತ್ತಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಭಾರದ ಆಯುಧ ಮಾತ್ರ ಕೈಗೆ ಒಗ್ಗುವುದಿಲ್ಲ. ಜೊತೆಗೆ ಒಂದು ಗಂಟೆಯ ಕೆಲಸ, ಹತ್ತು ಬಂಗಾರದ ನಾಣ್ಯದ ಸಾಮಾನು ಇದ್ದರೆ ಒಂದು ಚಿಕ್ಕ ಕೀಲಿಯಂತ್ರ ಮಾಡಬಹುದು: ನಡೆಯುವ ಗೊಂಬೆ, ಕಿಡಿ ಹೊತ್ತಿಸುವ ಪೆಟ್ಟಿಗೆ, ಇಲ್ಲವೇ ಹಾಡುವ ಪೆಟ್ಟಿಗೆ. 24 ಗಂಟೆಗೆ ಅದು ನಿಂತುಬಿಡುತ್ತದೆ.

ನಮ್ಮ ಆಟದ ನಕ್ಷೆಯಲ್ಲಿ ನೀರಸಾಗರದ ಕೆರೆಯೇ ಸಮುದ್ರ. ಅದರ ದಡದ ಗವಿಯಲ್ಲಿ ಆರು ಗಾಬ್ಲಿನ್‌ಗಳು ನಮಗಾಗಿ ಕಾದಿದ್ದವು. ತಮ್ಮನ ಎಲ್ಫ್ ಮೊದಲ ಚೀಟಿಯಲ್ಲೇ 2 ಎತ್ತಿ ಬಾಣ ಹಾಳು ಮಾಡಿದ. ನನ್ನ ನೋಮ್ ಹಾಡುವ ಪೆಟ್ಟಿಗೆಗೆ ಕೀಲಿ ಕೊಟ್ಟು ಗವಿಯ ಇನ್ನೊಂದು ಬಾಯಿಯಲ್ಲಿ ಇಟ್ಟು ಬಂತು. ಚೀಟಿಯಲ್ಲಿ 17 ಬಂತು. ಆರೂ ಗಾಬ್ಲಿನ್‌ಗಳು ಹಾಡು ಹುಡುಕಿಕೊಂಡು ಆ ಕಡೆ ಓಡಿದವು, ನಾವು ಈ ಕಡೆಯಿಂದ ಪೆಟ್ಟಿಗೆಯಲ್ಲಿದ್ದ 60 ನಾಣ್ಯ ಎತ್ತಿಕೊಂಡು ಹೊರಬಂದೆವು.

ಹಂಚುವಾಗ ಜಗಳ ಆಯಿತು. ಯಂತ್ರದ ಸಾಮಾನಿಗೆ ನಾನು ಹಾಕಿದ ಹತ್ತು ನಾಣ್ಯ ಮೊದಲು ಕಳೆಯಬೇಕು ಎಂದೆ. ಆಸ್ತಿಯ ಬಾಳಿಕೆ ಒಂದೇ ದಿನ, ಉಳಿಕೆ ಮೌಲ್ಯ ಸೊನ್ನೆ, ಆದ್ದರಿಂದ ಪೂರ್ತಿ ಹತ್ತೂ ಆ ದಿನದ ಸವಕಳಿ. ಉಳಿದ 50ನ್ನು ಮೂವರಿಗೆ ಭಾಗಿಸಿದರೆ ತಲಾ 16, ಮಿಕ್ಕಿದ್ದು 2. ಆ ಎರಡು ನಾಣ್ಯ ಇನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಅನಾಮತ್ತು ಖಾತೆಯಲ್ಲಿವೆ. ಭಾಯಿ ದಸರೆ ರಜೆಗೆ ಬಂದಾಗ ತೀರ್ಮಾನ ಮಾಡುತ್ತೇನೆ ಎಂದಿದ್ದಾನೆ.